ಬೋರ್ಡಿನ ಆಸ್ತಿ ವಹಿ: ‘ಡಿವೈಸ್ ಟ್ರೀ’ ಕಡತ ಮತ್ತು ಸಣ್ಣ ಕೈಗಾರಿಕೆ

ಬಿಲ್ಲಿಂಗ್ ಯಂತ್ರ, ತೂಕದ ಯಂತ್ರ, ಹಾಜರಾತಿ ಯಂತ್ರ, ಪಂಪುಗಳ ನಿಯಂತ್ರಣ ಪೆಟ್ಟಿಗೆ, ಪ್ಯಾಕಿಂಗ್ ಯಂತ್ರದ ನಿಯಂತ್ರಕ ಮುಂತಾದವನ್ನು ತಯಾರಿಸುವ ಸಣ್ಣ ಕೈಗಾರಿಕೆಗಳಲ್ಲಿ ಅನೇಕವು ಈಗ ತಮ್ಮ ಉತ್ಪನ್ನದೊಳಗೆ ಒಂದು ಚಿಕ್ಕ ಕಂಪ್ಯೂಟರ್ ಬೋರ್ಡನ್ನು ಅಳವಡಿಸುತ್ತವೆ. ಈ ಬೋರ್ಡುಗಳ ಮೇಲೆ ಬಹುಮಟ್ಟಿಗೆ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯೇ ನಡೆಯುತ್ತದೆ. ವಿನ್ಯಾಸವನ್ನು ಹೊರಗಿನ ತಜ್ಞರಿಂದ ಮಾಡಿಸಿ, ಬಿಡಿಭಾಗಗಳ ಜೋಡಣೆಯನ್ನು ಜಾಬ್‌ವರ್ಕ್ ಘಟಕಕ್ಕೆ ಒಪ್ಪಿಸಿ, ಅಂತಿಮ ಪರೀಕ್ಷೆ ಹಾಗೂ ಮಾರಾಟವನ್ನು ಮಾತ್ರ ತನ್ನಲ್ಲಿ ಉಳಿಸಿಕೊಳ್ಳುವುದು ಸಣ್ಣ ಉದ್ಯಮಿಯ ವಾಡಿಕೆ. ಕಾರ್ಖಾನೆಯ ಕಪಾಟಿನಲ್ಲಿ ಬೋರ್ಡಿನ ನಕ್ಷೆ ಇರುತ್ತದೆ, ಬಿಡಿಭಾಗಗಳ ಪಟ್ಟಿ ಇರುತ್ತದೆ, ಪರೀಕ್ಷಾ ಪ್ರಮಾಣಪತ್ರವೂ ಇರುತ್ತದೆ. ಆದರೆ ಬೋರ್ಡಿನ ಮೇಲೆ ಯಾವ ಯಾವ ಸಾಧನಗಳಿವೆ, ಅವು ಎಲ್ಲೆಲ್ಲಿ ಇವೆ ಎಂಬುದನ್ನು ಲಿನಕ್ಸಿನ ತಿರುಳಾದ ‘ಕರ್ನಲ್’ಗೆ ತಿಳಿಸುವ ಕಡತವು ಅನೇಕ ವೇಳೆ ಆ ಕಪಾಟಿಗೆ ಬಂದೇ ಇರುವುದಿಲ್ಲ. ಅದು ವಿನ್ಯಾಸಕಾರರ ಕಂಪ್ಯೂಟರಿನಲ್ಲಿಯೇ ಉಳಿದುಬಿಡುತ್ತದೆ.

ಈ ಕಡತಕ್ಕೆ ‘ಡಿವೈಸ್ ಟ್ರೀ’ ಎಂದು ಹೆಸರು. ಕನ್ನಡದಲ್ಲಿ ಸಾಧನ ವೃಕ್ಷ ಎನ್ನಬಹುದು. ಗಾತ್ರದಲ್ಲಿ ಇದು ತೀರ ಚಿಕ್ಕದು. ಆದರೆ ಇದಿಲ್ಲದೆ ಬೋರ್ಡು ಚಾಲನೆಗೊಳ್ಳದು. ಇದು ಕೈಯಲ್ಲಿಲ್ಲದಿದ್ದರೆ ಬೋರ್ಡಿನ ಒಂದೇ ಒಂದು ಚಿಪ್ಪನ್ನೂ ಉದ್ಯಮಿ ಸ್ವತಂತ್ರವಾಗಿ ಬದಲಿಸಲಾರ. ಆದ್ದರಿಂದ ಈ ಕಡತ ಏನು, ಏಕೆ ಬೇಕಾಯಿತು, ಇದರ ಮೇಲೆ ಯಾರಿಗೆ ಯಾವ ಹಕ್ಕು ಇದೆ ಎಂಬುದನ್ನು ಎಂಜಿನಿಯರುಗಳಷ್ಟೇ ಅಲ್ಲದೆ ಉದ್ಯಮದ ಮಾಲೀಕರೂ ಅರಿತಿರುವುದು ಅವಶ್ಯಕ.

ಮೇಜಿನ ಕಂಪ್ಯೂಟರಿಗೂ ಬೋರ್ಡಿಗೂ ಇರುವ ಭೇದ

ಕಚೇರಿಯ ಮೇಜಿನ ಮೇಲಿರುವ ಕಂಪ್ಯೂಟರಿಗೆ ಹೊಸ ಪ್ರಿಂಟರನ್ನೋ ಪೆನ್‌ಡ್ರೈವನ್ನೋ ಜೋಡಿಸಿದ ಕೂಡಲೇ ಅದು ಗುರುತು ಹಿಡಿಯುತ್ತದೆ. ಇದಕ್ಕೆ ಕಾರಣ ಅಲ್ಲಿ ಬಳಕೆಯಾಗುವ ಯುಎಸ್‌ಬಿ, ಪಿಸಿಐ ಮುಂತಾದ ಸಂಪರ್ಕ ಮಾರ್ಗಗಳ ಸ್ವಭಾವ. ಆ ಮಾರ್ಗದಲ್ಲಿ ಕುಳಿತ ಪ್ರತಿಯೊಂದು ಸಾಧನವೂ ತನ್ನ ತಯಾರಕರ ಸಂಖ್ಯೆ ಮತ್ತು ಮಾದರಿಯ ಸಂಖ್ಯೆಯನ್ನು ಕೇಳಿದಾಗ ಹೇಳಬಲ್ಲದು. ಹಾಗೆ ಹೇಳಲಾಗದ ಉಳಿದ ಭಾಗಗಳ ವಿವರವನ್ನು, 1996ರಲ್ಲಿ ಮೊದಲು ಪ್ರಕಟವಾದ ಎಸಿಪಿಐ ಎಂಬ ಮಾನಕದಂತೆ, ಯಂತ್ರದೊಳಗಿನ ಫರ್ಮ್‌ವೇರ್ ಒದಗಿಸುತ್ತದೆ.

ಉತ್ಪನ್ನಗಳೊಳಗೆ ಹುದುಗಿರುವ ಚಿಕ್ಕ ಬೋರ್ಡುಗಳ ಸ್ಥಿತಿ ಬೇರೆ. ಅಲ್ಲಿ ಗಡಿಯಾರದ ಚಿಪ್, ಉಷ್ಣತೆಯ ಸಂವೇದಕ, ವಿದ್ಯುತ್ ನಿಯಂತ್ರಕ ಮೊದಲಾದವು ಐ-ಸ್ಕ್ವೇರ್ಡ್-ಸಿ ಅಥವಾ ಎಸ್‌ಪಿಐ ಎಂಬ ಎರಡು ನಾಲ್ಕು ತಂತಿಗಳ ಅಗ್ಗದ ಮಾರ್ಗಗಳಲ್ಲಿ ಕುಳಿತಿರುತ್ತವೆ. ಐ-ಸ್ಕ್ವೇರ್ಡ್-ಸಿ ಮಾರ್ಗದಲ್ಲಿ ಒಂದು ವಿಳಾಸವನ್ನು ಕೂಗಿದರೆ ಆ ವಿಳಾಸದ ಚಿಪ್ ‘ಇದ್ದೇನೆ’ ಎಂದು ಓಗೊಡುತ್ತದೆಯೇ ಹೊರತು ತಾನು ಯಾರೆಂದು ಹೇಳುವುದಿಲ್ಲ. ಒಂದೇ ವಿಳಾಸವನ್ನು ಬೇರೆ ಬೇರೆ ತಯಾರಕರ ಬೇರೆ ಬೇರೆ ಚಿಪ್‌ಗಳು ಬಳಸುವುದೂ ಉಂಟು. ಎಲ್‌ಇಡಿ ದೀಪ, ರಿಲೇ, ಗುಂಡಿ ಇವಂತೂ ಪ್ರೊಸೆಸರಿನ ಒಂದು ಕಾಲಿಗೆ ನೇರವಾಗಿ ಬೆಸೆದ ತಂತಿಗಳು. ಅವು ಓಗೊಡುವುದೂ ಇಲ್ಲ. ಆದುದರಿಂದ ಕರ್ನಲ್‌ಗೆ ಯಾರಾದರೂ ಮೊದಲೇ ಬರೆದು ತಿಳಿಸಲೇಬೇಕು.

ಲೆಕ್ಕಪತ್ರದ ಪರಿಚಯವುಳ್ಳವರಿಗೆ ಇದು ಸುಲಭವಾಗಿ ಅರ್ಥವಾಗುವ ವಿಷಯ. ಕಂಪನಿಗಳ ಲೆಕ್ಕಪರಿಶೋಧನೆಯಲ್ಲಿ ಸ್ಥಿರಾಸ್ತಿಗಳ ಪೂರ್ಣ ವಿವರ, ಪರಿಮಾಣ ಮತ್ತು ಅವು ಇರುವ ಸ್ಥಳವನ್ನು ತೋರಿಸುವ ವಹಿ ಇದೆಯೇ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಶೆಡ್ಡಿನಲ್ಲಿರುವ ಲೇತ್ ಯಂತ್ರವು ತನ್ನ ಮಾದರಿಯನ್ನೂ ಸ್ಥಳವನ್ನೂ ತಾನೇ ಹೇಳಿಕೊಳ್ಳದು; ವಹಿಯೇ ಹೇಳಬೇಕು. ಡಿವೈಸ್ ಟ್ರೀ ಎಂಬುದು ಬೋರ್ಡಿನ ಸ್ಥಿರಾಸ್ತಿ ವಹಿ. ಯಾವ ಸಾಧನ, ಯಾರ ತಯಾರಿಕೆ, ಯಾವ ವಿಳಾಸ, ಯಾವ ತಂತಿ, ಬಳಕೆಯಲ್ಲಿದೆಯೋ ಇಲ್ಲವೋ ಎಂಬ ನಮೂದುಗಳ ಪಟ್ಟಿಯೇ ಅದು.

ಹಿಂದೆ ಇದ್ದ ಪದ್ಧತಿ

ಈ ವಹಿ ಪ್ರತ್ಯೇಕವಾಗಿ ಹುಟ್ಟುವ ಮೊದಲು, ಆರ್ಮ್ ಜಾತಿಯ ಪ್ರೊಸೆಸರುಗಳ ಬೋರ್ಡುಗಳಲ್ಲಿ ವಿವರವನ್ನೆಲ್ಲ ಕರ್ನಲ್‌ನ ಒಳಗಡೆಯೇ ಸಿ ಭಾಷೆಯ ಕಡತವಾಗಿ ಬರೆಯುತ್ತಿದ್ದರು. ಪ್ರತಿಯೊಂದು ಬೋರ್ಡಿಗೂ ಒಂದು ನೋಂದಣಿ ಸಂಖ್ಯೆ ದೊರೆಯುತ್ತಿತ್ತು. ಯಂತ್ರ ಚಾಲೂ ಆದಾಗ ಮೊದಲು ಓಡುವ ‘ಬೂಟ್ ಲೋಡರ್’ ಆ ಸಂಖ್ಯೆಯನ್ನು ಕರ್ನಲ್‌ಗೆ ಒಪ್ಪಿಸುತ್ತಿತ್ತು. ಕರ್ನಲ್ ತನ್ನೊಳಗಿನ ಆ ಸಂಖ್ಯೆಯ ಕಡತವನ್ನು ಅನುಸರಿಸುತ್ತಿತ್ತು. ಬೋರ್ಡಿನಲ್ಲಿ ಒಂದು ಚಿಪ್ ಬದಲಾದರೆ ಕರ್ನಲ್ಲನ್ನೇ ತಿದ್ದಿ ಮತ್ತೆ ಸಿದ್ಧಪಡಿಸಬೇಕಾಗುತ್ತಿತ್ತು. ಒಂದು ಬೋರ್ಡಿಗೆ ಸಿದ್ಧಪಡಿಸಿದ ಕರ್ನಲ್ ಇನ್ನೊಂದು ಕಂಪನಿಯ ಪ್ರೊಸೆಸರಿನ ಮೇಲೆ ಸಾಮಾನ್ಯವಾಗಿ ನಡೆಯುತ್ತಿರಲಿಲ್ಲ. ಕಾರ್ಖಾನೆಯ ಪ್ರತಿ ಯಂತ್ರದ ವಿವರವನ್ನು ಕಂಪನಿಯ ಸ್ಥಾಪನಾ ಪತ್ರದಲ್ಲಿಯೇ ಬರೆದು, ಯಂತ್ರ ಬದಲಾದಾಗಲೆಲ್ಲ ಆ ಪತ್ರವನ್ನೇ ತಿದ್ದುಪಡಿ ಮಾಡಿದಂತೆ ಇತ್ತು ಈ ಪದ್ಧತಿ.

ಮೊಬೈಲ್ ಫೋನುಗಳ ಮಾರುಕಟ್ಟೆ ಬೆಳೆದಂತೆ ಇಂತಹ ಬೋರ್ಡುಗಳ ಸಂಖ್ಯೆ ಸಾವಿರಗಳನ್ನು ದಾಟಿತು. ಒಂದೇ ಕೆಲಸದ ಸಾಲುಗಳು ನೂರಾರು ಕಡತಗಳಲ್ಲಿ ಪುನರಾವರ್ತನೆಯಾದವು. 2011ರ ಮಾರ್ಚ್ ತಿಂಗಳಲ್ಲಿ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಈ ಅವ್ಯವಸ್ಥೆಯ ಬಗ್ಗೆ ಕಟುವಾಗಿಯೇ ಆಕ್ಷೇಪವೆತ್ತಿದರು. ಅದರ ಪರಿಣಾಮವಾಗಿ ಆರ್ಮ್ ವಿಭಾಗವು ಬೋರ್ಡಿನ ವಿವರವನ್ನು ಕರ್ನಲ್‌ನಿಂದ ಹೊರತೆಗೆದು ಪ್ರತ್ಯೇಕ ಕಡತಕ್ಕೆ ಸಾಗಿಸುವ ಕಾರ್ಯವನ್ನು ತ್ವರಿತಗೊಳಿಸಿತು.

ಈ ಉಪಾಯ ಹೊಸದಾಗಿರಲಿಲ್ಲ. ಸನ್ ಮೈಕ್ರೊಸಿಸ್ಟಮ್ಸ್ ಸಂಸ್ಥೆಯಲ್ಲಿ ಮಿಚ್ ಬ್ರಾಡ್ಲಿಯವರು ರೂಪಿಸಿದ ಓಪನ್ ಫರ್ಮ್‌ವೇರ್ ವ್ಯವಸ್ಥೆಯಲ್ಲಿ ಸಾಧನಗಳನ್ನು ವೃಕ್ಷದ ರೂಪದಲ್ಲಿ ವಿವರಿಸುವ ಕ್ರಮವಿತ್ತು. 1994ರಲ್ಲಿ ಅದು ಐಇಇಇ 1275 ಎಂಬ ಮಾನಕವಾಯಿತು. ಆಪಲ್ ಮತ್ತು ಐಬಿಎಂ ಕಂಪನಿಗಳ ಪವರ್‌ಪಿಸಿ ಯಂತ್ರಗಳೂ ಅದನ್ನೇ ಬಳಸಿದವು. 2005ರ ಸುಮಾರಿಗೆ ಲಿನಕ್ಸಿನ 32 ಬಿಟ್ ಮತ್ತು 64 ಬಿಟ್ ಪವರ್‌ಪಿಸಿ ಶಾಖೆಗಳನ್ನು ಒಂದುಗೂಡಿಸುವಾಗ ಬೆಂಜಮಿನ್ ಹೆರೆನ್‌ಶ್ಮಿಟ್ ಮತ್ತಿತರರು ಆ ವೃಕ್ಷವನ್ನು ಸಮತಟ್ಟಾದ ಒಂದೇ ಕಡತಕ್ಕೆ ಇಳಿಸಿ, ದುಬಾರಿ ಫರ್ಮ್‌ವೇರ್ ಇಲ್ಲದ ಅಗ್ಗದ ಬೋರ್ಡುಗಳಿಗೂ ಅದು ಒದಗುವಂತೆ ಮಾಡಿದರು. ಆರ್ಮ್ ವಿಭಾಗವು ಸ್ವೀಕರಿಸಿದ್ದು ಇದೇ ರೂಪವನ್ನು. 2012ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಲಿನಕ್ಸ್ 3.7ರಿಂದ ಬೇರೆ ಬೇರೆ ಕಂಪನಿಗಳ ಆರ್ಮ್ ಪ್ರೊಸೆಸರುಗಳ ಮೇಲೆ ಒಂದೇ ಕರ್ನಲ್ ನಡೆಯುವ ಅನುಕೂಲ ಆರಂಭವಾಯಿತು. ಈ ಕಡತದ ನಿಯಮಗಳನ್ನು ವಿವರಿಸುವ ಸ್ವತಂತ್ರ ಮಾನಕವೊಂದು 2016ರಲ್ಲಿ ಪ್ರಕಟವಾಯಿತು. ಈಗ ರಿಸ್ಕ್-ಫೈವ್ ಜಾತಿಯ ಪ್ರೊಸೆಸರುಗಳಲ್ಲಿಯೂ ಲಿನಕ್ಸ್ ಇದೇ ಕ್ರಮವನ್ನು ಅನುಸರಿಸುತ್ತದೆ. ಭಾರತದಲ್ಲಿ ಐಐಟಿ ಮದ್ರಾಸ್ ರೂಪಿಸಿದ ‘ಶಕ್ತಿ’ ಹಾಗೂ ಸಿ-ಡ್ಯಾಕ್ ರೂಪಿಸಿದ ‘ವೇಗ’ ಪ್ರೊಸೆಸರುಗಳು ರಿಸ್ಕ್-ಫೈವ್ ಆಧಾರಿತವಾದುದರಿಂದ, ಸ್ವದೇಶಿ ಚಿಪ್‌ನತ್ತ ಹೊರಳುವ ಉದ್ಯಮಿಗೂ ಈ ಕಡತದ ಸಹವಾಸ ತಪ್ಪಿದ್ದಲ್ಲ.

ಕಡತದ ಒಳಗೆ ಏನಿರುತ್ತದೆ?

ಒಂದು ನೈಜ ಬೋರ್ಡನ್ನು ತೆಗೆದುಕೊಂಡು ನೋಡುವುದು ಒಳ್ಳೆಯದು. ಬೀಗಲ್‌ಬೋನ್ ಎಂಬ ಬೋರ್ಡು 2011ರಲ್ಲಿಯೂ ಅದರ ಸುಧಾರಿತ ರೂಪವಾದ ಬೀಗಲ್‌ಬೋನ್ ಬ್ಲ್ಯಾಕ್ 2013ರಲ್ಲಿಯೂ ಮಾರುಕಟ್ಟೆಗೆ ಬಂದವು. ಇವುಗಳ ನಕ್ಷೆ ಸಾರ್ವಜನಿಕವಾಗಿ ಲಭ್ಯವಿರುವುದರಿಂದ ಇವನ್ನು ಆಧಾರವಾಗಿಟ್ಟುಕೊಂಡು ಸ್ವಂತ ಬೋರ್ಡು ರೂಪಿಸುವವರು ಅನೇಕರು. ಇವುಗಳಲ್ಲಿರುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎಎಂ335ಎಕ್ಸ್ ಸರಣಿಯ ಪ್ರೊಸೆಸರ್. ಬೆಂಗಳೂರಿನಲ್ಲಿ 1985ರಿಂದಲೇ ವಿನ್ಯಾಸ ಕೇಂದ್ರ ಹೊಂದಿರುವ ಕಂಪನಿ ಇದು.

ಬೀಗಲ್‌ಬೋನ್ ಬ್ಲ್ಯಾಕ್‌ನ ವಿವರ ಒಂದೇ ಕಡತದಲ್ಲಿಲ್ಲ, ಮೂರು ಹಂತಗಳಲ್ಲಿದೆ. ಮೊದಲನೆಯದು ಪ್ರೊಸೆಸರಿನ ಕಡತ. ಈ ಪ್ರೊಸೆಸರಿನೊಳಗೆ ಆರು ಸೀರಿಯಲ್ ಪೋರ್ಟುಗಳು, ಮೂರು ಐ-ಸ್ಕ್ವೇರ್ಡ್-ಸಿ ಮಾರ್ಗಗಳು ಇತ್ಯಾದಿ ಇವೆ ಎಂಬ, ಆ ಚಿಪ್ ಬಳಸುವ ಎಲ್ಲ ಬೋರ್ಡುಗಳಿಗೂ ಸಮಾನವಾದ ವಿವರ ಇದರಲ್ಲಿದೆ. ಎರಡನೆಯದು ಬೀಗಲ್‌ಬೋನ್ ಕುಟುಂಬಕ್ಕೆ ಸಮಾನವಾದ ಕಡತ. ಮೂರನೆಯದು ಬ್ಲ್ಯಾಕ್‌ಗೆ ಮಾತ್ರ ಅನ್ವಯಿಸುವುದು. ಮೂಲ ಬೀಗಲ್‌ಬೋನ್‌ನಲ್ಲಿ 256 ಎಂಬಿ ಇದ್ದ ಸ್ಮೃತಿ ಬ್ಲ್ಯಾಕ್‌ನಲ್ಲಿ 512 ಎಂಬಿ ಆಯಿತು. ಎಚ್‌ಡಿಎಂಐ ಪರದೆಯ ಸಂಪರ್ಕವೂ ಸೇರಿತು. ಮೇಲಿನ ಕಡತವು ಕೆಳಗಿನವುಗಳನ್ನು ಒಳಗೊಂಡು, ಭೇದವಿರುವಲ್ಲಿ ಮಾತ್ರ ತಿದ್ದುಪಡಿ ಬರೆಯುತ್ತದೆ. ಮುಖ್ಯ ಕರಾರಿಗೆ ಪೂರಕ ಕರಾರು ಬರೆಯುವ ರೀತಿಯೇ ಇದು.

ನಮೂದುಗಳ ಸ್ವರೂಪ ಸರಳ. ಪ್ರತಿ ಸಾಧನಕ್ಕೂ ಒಂದು ಕೊಂಬೆ. ಕೊಂಬೆಯಲ್ಲಿ ಮುಖ್ಯವಾದ ಸಾಲು ‘ಕಂಪ್ಯಾಟಿಬಲ್’ ಎಂಬುದು. ತಯಾರಕರ ಹೆಸರು, ಅಲ್ಪವಿರಾಮ, ಮಾದರಿಯ ಹೆಸರು, ಇಷ್ಟೇ ಅದರ ಒಕ್ಕಣೆ. ಕರ್ನಲ್ ಈ ಹೆಸರನ್ನು ಓದಿ, ಅದಕ್ಕೆ ತಕ್ಕ ಚಾಲಕ ತಂತ್ರಾಂಶವನ್ನು, ಅಂದರೆ ಡ್ರೈವರನ್ನು, ಜೋಡಿಸುತ್ತದೆ. ‘ರೆಗ್’ ಎಂಬ ಸಾಲು ವಿಳಾಸವನ್ನು ಹೇಳುತ್ತದೆ. ‘ಇಂಟರಪ್ಟ್ಸ್’ ಎಂಬುದು ಆ ಸಾಧನ ಕರ್ನಲ್ಲನ್ನು ಕರೆಯುವ ತಂತಿಯನ್ನು ಸೂಚಿಸುತ್ತದೆ. ‘ಸ್ಟೇಟಸ್’ ಎಂಬುದು ಬಳಕೆಯಲ್ಲಿದೆಯೇ ಎಂಬುದನ್ನು ತಿಳಿಸುತ್ತದೆ. ಪ್ರೊಸೆಸರಿನ ಕಡತದಲ್ಲಿ ಹೆಚ್ಚಿನ ಭಾಗಗಳನ್ನು ‘ಡಿಸೇಬಲ್ಡ್’ ಎಂದೇ ಬರೆದಿರುತ್ತಾರೆ. ಬೋರ್ಡಿನಲ್ಲಿ ನಿಜವಾಗಿ ಹೊರಗೆ ತಂದಿರುವ ಪೋರ್ಟುಗಳನ್ನು ಮಾತ್ರ ಬೋರ್ಡಿನ ಕಡತ ‘ಓಕೆ’ ಎಂದು ತಿದ್ದುತ್ತದೆ.

ಬೀಗಲ್‌ಬೋನ್ ಬ್ಲ್ಯಾಕ್‌ನ ಮೊದಲನೆಯ ಐ-ಸ್ಕ್ವೇರ್ಡ್-ಸಿ ಮಾರ್ಗದಲ್ಲಿ, ಕಂಪ್ಯೂಟರಿನವರು ಬಳಸುವ ಹದಿನಾರರ ಎಣಿಕೆಯ ಪ್ರಕಾರ, ವಿಳಾಸ 24ರಲ್ಲಿ ವಿದ್ಯುತ್ ನಿಯಂತ್ರಕ ಚಿಪ್, 50ರಲ್ಲಿ ಚಿಕ್ಕ ಸ್ಮೃತಿ ಚಿಪ್, 70ರಲ್ಲಿ ಎಚ್‌ಡಿಎಂಐ ಚಿಪ್ ಇವೆ. ಇವುಗಳಲ್ಲಿ ವಿಳಾಸ 50ರ ಚಿಪ್ ವಿಶೇಷವಾಗಿ ಗಮನಾರ್ಹ. ಬೋರ್ಡಿನ ಹೆಸರು ಮತ್ತು ಆವೃತ್ತಿಯನ್ನು ಕಾರ್ಖಾನೆಯಲ್ಲಿಯೇ ಅದರೊಳಗೆ ಬರೆಯುತ್ತಾರೆ. ಯು-ಬೂಟ್ ಎಂಬ ಬೂಟ್ ಲೋಡರ್ ಮೊದಲು ಇದನ್ನು ಓದಿ, ಬೋರ್ಡು ಯಾವುದೆಂದು ತಿಳಿದು, ಅದಕ್ಕೆ ತಕ್ಕ ವಿವರ ಕಡತವನ್ನು ಆರಿಸಿ ಕರ್ನಲ್‌ಗೆ ಒಪ್ಪಿಸುತ್ತದೆ. ಹೀಗೆ ಹಲವು ಆವೃತ್ತಿಯ ಬೋರ್ಡುಗಳಿಗೆ ಒಂದೇ ತಂತ್ರಾಂಶದ ಕಟ್ಟು ಸಾಕಾಗುತ್ತದೆ. ಮೂರು ನಾಲ್ಕು ಮಾದರಿಗಳನ್ನು ಏಕಕಾಲಕ್ಕೆ ಮಾರುವ ಸಣ್ಣ ಉದ್ಯಮಿಗೆ ಇದು ಅನುಕರಣೀಯ ಕ್ರಮ.

ಮನುಷ್ಯರು ಬರೆಯುವ ಈ ಪಠ್ಯ ಕಡತವನ್ನು ‘ಸೋರ್ಸ್’ ಎನ್ನುತ್ತಾರೆ. ಡಿಟಿಸಿ ಎಂಬ ಉಪಕರಣ ಅದನ್ನು ಕರ್ನಲ್ ಓದಬಲ್ಲ ‘ಬ್ಲಾಬ್’ ಆಗಿ ಪರಿವರ್ತಿಸುತ್ತದೆ. ಉತ್ಪನ್ನದೊಳಗೆ ಹೋಗುವುದು ಬ್ಲಾಬ್ ಮಾತ್ರ. ಉದ್ಯಮಿಯ ಕಪಾಟಿನಲ್ಲಿ ಇರಬೇಕಾದದ್ದು ಸೋರ್ಸ್.

ಒಂದು ಚಿಪ್ ಬದಲಾದಾಗ

ಎಎಂ335ಎಕ್ಸ್ ಪ್ರೊಸೆಸರನ್ನು ಬಳಸಿ ಸ್ವಂತ ಬಿಲ್ಲಿಂಗ್ ಯಂತ್ರ ರೂಪಿಸಿದ ತಯಾರಕರೊಬ್ಬರು, ವಿದ್ಯುತ್ ಹೋದಾಗಲೂ ಸಮಯ ಉಳಿಯಲೆಂದು ಡಿಎಸ್1307 ಎಂಬ ಗಡಿಯಾರ ಚಿಪ್ಪನ್ನು ಹಾಕಿದ್ದಾರೆ ಎಂದು ಭಾವಿಸೋಣ. ಅದರ ವಿಳಾಸ 68. ಕಡತದಲ್ಲಿ ‘ಡಲ್ಲಾಸ್, ಡಿಎಸ್1307’ ಎಂಬ ಹೆಸರೂ 68 ಎಂಬ ವಿಳಾಸವೂ ನಮೂದಾಗಿವೆ. 2020ರ ಕೊನೆಯಿಂದ ಸುಮಾರು ಎರಡು ವರ್ಷ ಜಗತ್ತಿನಾದ್ಯಂತ ಕಂಡುಬಂದಂತಹ ಚಿಪ್ ಅಭಾವ ಮತ್ತೆ ತಲೆದೋರಿ ಈ ಭಾಗ ಸಿಗದಂತಾಯಿತು. ಆಗ ಪಿಸಿಎಫ್8563 ಎಂಬ ಇನ್ನೊಂದು ಗಡಿಯಾರ ಚಿಪ್ಪಿಗೆ ತಕ್ಕಂತೆ ಬೋರ್ಡಿನ ನಕ್ಷೆಯನ್ನು ತಿದ್ದಿಸಿದರು. ಇದರ ವಿಳಾಸ 51.

ಹೊಸ ಬೋರ್ಡು ಜೋಡಣೆಯಾಗಿ ಬಂತು, ಹಳೆಯ ತಂತ್ರಾಂಶವನ್ನೇ ತುಂಬಲಾಯಿತು. ಯಂತ್ರ ಚಾಲೂ ಆಯಿತು, ಬಿಲ್ಲೂ ಮುದ್ರಿಸಿತು. ಆದರೆ ಕರ್ನಲ್ ಇನ್ನೂ 68ನೇ ವಿಳಾಸವನ್ನೇ ಕೂಗುತ್ತಿದೆ, ಅಲ್ಲಿ ಓಗೊಡುವವರಿಲ್ಲ. ಪ್ರತಿಸಲ ವಿದ್ಯುತ್ ಹೋಗಿ ಬಂದಾಗಲೂ ಯಂತ್ರದ ಗಡಿಯಾರ ಲಿನಕ್ಸಿನ ಕಾಲಗಣನೆ ಆರಂಭವಾಗುವ 1970ರ ಜನವರಿ 1ಕ್ಕೋ, ತಂತ್ರಾಂಶ ಸಿದ್ಧವಾದ ಹಿಂದಿನ ಯಾವುದೋ ದಿನಾಂಕಕ್ಕೋ ಮರಳುತ್ತದೆ. ಜಿಎಸ್‌ಟಿ ನಿಯಮಾವಳಿಯ 46ನೇ ನಿಯಮದಂತೆ ತೆರಿಗೆ ಇನ್‌ವಾಯ್ಸಿನಲ್ಲಿ ಅನುಕ್ರಮ ಸಂಖ್ಯೆಯೂ ನೀಡಿಕೆಯ ದಿನಾಂಕವೂ ಇರಲೇಬೇಕು. ತಪ್ಪು ದಿನಾಂಕದ ಬಿಲ್ಲುಗಳನ್ನು ನೂರಾರು ಅಂಗಡಿಗಳಲ್ಲಿ ಹಂಚಿದ ಯಂತ್ರದ ತಯಾರಕ, ಗ್ರಾಹಕರಿಗೆ ಏನು ಉತ್ತರ ಹೇಳಬೇಕು?

ಇದರ ಪರಿಹಾರ ಎರಡು ಸಾಲುಗಳದ್ದು. ಹೆಸರನ್ನು ‘ಎನ್‌ಎಕ್ಸ್‌ಪಿ, ಪಿಸಿಎಫ್8563’ ಎಂದೂ ವಿಳಾಸವನ್ನು 51 ಎಂದೂ ತಿದ್ದಿದರೆ ಸಾಕು. ಎರಡು ಚಿಪ್‌ಗಳಿಗೂ ಡ್ರೈವರ್ ಲಿನಕ್ಸಿನಲ್ಲಿ ಮೊದಲೇ ಇದೆ. ಆ ಡ್ರೈವರ್ ತಯಾರಕರ ಕರ್ನಲ್‌ನಲ್ಲಿ ಸೇರಿದ್ದರೆ ಕರ್ನಲ್ಲನ್ನು ಮುಟ್ಟಬೇಕಾಗಿಯೇ ಇಲ್ಲ. ಸೋರ್ಸ್ ಕಡತ ಕೈಯಲ್ಲಿದ್ದರೆ ಇದು ಅರ್ಧ ದಿನದ ಕೆಲಸ. ಅದು ಕೆಲಸ ಬಿಟ್ಟು ಹೋದ ವಿನ್ಯಾಸಕಾರರ ಬಳಿ ಇದ್ದರೆ, ಅದೇ ಎರಡು ಸಾಲಿಗಾಗಿ ವಾರಗಟ್ಟಲೆ ಅಲೆಯಬೇಕಾಗುತ್ತದೆ.

ಎಲ್ಲ ಬದಲಾವಣೆಗಳೂ ಇಷ್ಟು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದಿಲ್ಲ. ಡಿಎಸ್3231 ಎಂಬ ಮತ್ತೊಂದು ಗಡಿಯಾರ ಚಿಪ್ ಡಿಎಸ್1307ರಂತೆಯೇ 68ನೇ ವಿಳಾಸವನ್ನು ಬಳಸುತ್ತದೆ. ಹೆಸರನ್ನು ತಿದ್ದದಿದ್ದರೂ ಕರೆಗೆ ಓಗೊಡುತ್ತದೆ, ಸಮಯವನ್ನೂ ಹೇಳುತ್ತದೆ. ಆದರೆ ನಿಯಂತ್ರಣದ ಅಂಕಣಗಳು ಎರಡರಲ್ಲಿಯೂ ಒಂದೇ ಅಲ್ಲದ್ದರಿಂದ ಡಿಎಸ್3231ರಲ್ಲಿರುವ ಅಲಾರಂ ಸೌಲಭ್ಯವು ದೊರೆಯದೆ ಹೋಗಬಹುದು. ಮೇಲ್ನೋಟಕ್ಕೆ ಸರಿಯಾಗಿರುವ ಯಂತ್ರವೂ ವಹಿಯ ಪ್ರಕಾರ ತಪ್ಪಾಗಿರಬಹುದೆಂಬುದಕ್ಕೆ ಇದು ನಿದರ್ಶನ.

ಮಿತಿಗಳು ಮತ್ತು ಎಚ್ಚರಿಕೆಗಳು

ಡಿವೈಸ್ ಟ್ರೀ ಸಾಧನವನ್ನು ವಿವರಿಸುತ್ತದೆಯೇ ಹೊರತು ನಡೆಸುವುದಿಲ್ಲ. ಹೊಸ ಚಿಪ್ಪಿಗೆ ಲಿನಕ್ಸಿನಲ್ಲಿ ಡ್ರೈವರ್ ಇಲ್ಲದಿದ್ದರೆ ವಿವರ ಬರೆದು ಪ್ರಯೋಜನವಿಲ್ಲ. ಆದ್ದರಿಂದ ಪರ್ಯಾಯ ಚಿಪ್ಪನ್ನು ಆರಿಸುವಾಗ ದರ ಮತ್ತು ಲಭ್ಯತೆಯ ಜೊತೆಗೆ ಡ್ರೈವರ್ ಇದೆಯೇ ಎಂಬುದನ್ನೂ ಕೇಳಿ ತಿಳಿಯಬೇಕು.

ಎರಡನೆಯದಾಗಿ, ಈ ಕಡತದ ತಪ್ಪು ಯಾವಾಗಲೂ ನಿರಪಾಯಕಾರಿಯಲ್ಲ. ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ನಿಯಂತ್ರಕದ ಕನಿಷ್ಠ ಮತ್ತು ಗರಿಷ್ಠ ವೋಲ್ಟೇಜು ಕೂಡ ಇದರಲ್ಲಿಯೇ ನಮೂದಾಗುತ್ತದೆ. ಸುಮಾರು ಒಂದು ವೋಲ್ಟಿನ ಆಸುಪಾಸಿನಲ್ಲಿ ನಡೆಯುವ ಚಿಪ್ಪಿಗೆ ದಶಾಂಶದ ತಪ್ಪು ನಮೂದಾದರೆ ಬೋರ್ಡೇ ಸುಟ್ಟುಹೋಗುವ ಸಂಭವವಿದೆ. ಅನನುಭವಿಗಳು ತಿದ್ದಬಾರದ ಭಾಗ ಇದು.

ಮೂರನೆಯದಾಗಿ, ಚಿಪ್ ತಯಾರಕರು ತಮ್ಮದೇ ಮಾರ್ಪಾಡುಗಳೊಡನೆ ಕೊಡುವ ಕರ್ನಲ್‌ಗೂ ಎಲ್ಲರಿಗೂ ಸಮಾನವಾದ ಮುಖ್ಯ ಲಿನಕ್ಸಿಗೂ ನಮೂದುಗಳ ಹೆಸರಿನಲ್ಲಿ ವ್ಯತ್ಯಾಸವಿರಬಹುದು. ಮುಖ್ಯ ಲಿನಕ್ಸಿನಲ್ಲಿ ಅಂಗೀಕೃತವಾದ ನಮೂದುಗಳಿಗೆ ಒಂದು ಭರವಸೆಯಿದೆ: ಹಳೆಯ ವಿವರ ಕಡತವು ಮುಂದಿನ ಕರ್ನಲ್‌ಗಳಲ್ಲಿಯೂ ನಡೆಯಬೇಕೆಂಬುದು ಅಲ್ಲಿನ ನೀತಿ. ಹತ್ತು ವರ್ಷ ಸೇವೆ ಕೊಡಬೇಕಾದ ಉತ್ಪನ್ನಕ್ಕೆ ಈ ಭರವಸೆಯ ಬೆಲೆ ದೊಡ್ಡದು. ನಮೂದುಗಳು ನಿಯಮಬದ್ಧವಾಗಿವೆಯೇ ಎಂದು ಪರಿಶೀಲಿಸುವ ಉಪಕರಣಗಳೂ ಉಚಿತವಾಗಿ ಲಭ್ಯವಿವೆ.

ಸೋರ್ಸ್ ಕಡತ ಈಗಾಗಲೇ ಕಳೆದುಹೋಗಿದ್ದರೆ? ಎಲ್ಲವೂ ಮುಗಿಯಿತೆಂದು ಭಾವಿಸಬೇಕಾಗಿಲ್ಲ. ಡಿಟಿಸಿ ಉಪಕರಣವೇ ಬ್ಲಾಬ್‌ನಿಂದ ಪಠ್ಯವನ್ನು ಮರಳಿ ತೆಗೆಯಬಲ್ಲದು. ನಡೆಯುತ್ತಿರುವ ಲಿನಕ್ಸ್ ಯಂತ್ರದೊಳಗೂ ಈ ವೃಕ್ಷವನ್ನು ಓದಲು ಸಾಧ್ಯ. ಆದರೆ ಮೂಲ ಬರಹಗಾರರು ಬರೆದ ಟಿಪ್ಪಣಿಗಳು ಸಿಗುವುದಿಲ್ಲ, ಮೂರು ಹಂತದ ವಿಂಗಡಣೆ ಅಳಿಸಿಹೋಗಿರುತ್ತದೆ, ಹೆಸರುಗಳಿದ್ದ ಕಡೆ ಬರಿಯ ಸಂಖ್ಯೆಗಳಿರುತ್ತವೆ. ಬ್ಯಾಂಕಿನ ಪಾಸ್‌ಬುಕ್ ಹಿಡಿದು ಕಳೆದುಹೋದ ರೋಜುಕೀರ್ದಿಯನ್ನು ಮತ್ತೆ ಬರೆಯುವಂತಹ ಕೆಲಸ ಇದು. ಸಾಧ್ಯ, ಆದರೆ ದುಬಾರಿ.

ಹಕ್ಕು, ಹೊಣೆ ಮತ್ತು ಲೆಕ್ಕ

ಹಣ ಕೊಟ್ಟು ಮಾಡಿಸಿದ ಕೆಲಸ ತನ್ನದೇ ಎಂದು ಉದ್ಯಮಿ ನಂಬುವುದು ಸಹಜ. ಕಾನೂನು ಅಷ್ಟು ಸರಳವಾಗಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಕಂಪ್ಯೂಟರ್ ಪ್ರೋಗ್ರಾಂಗಳೂ ಪಟ್ಟಿಗಳೂ ಸಂಕಲನಗಳೂ ‘ಸಾಹಿತ್ಯ ಕೃತಿ’ಯ ವ್ಯಾಖ್ಯೆಯೊಳಗೆ ಬರುತ್ತವೆ. 17ನೇ ಪ್ರಕರಣದಂತೆ ಕೃತಿಯ ಮೊದಲ ಸ್ವಾಮಿ ಅದರ ಕರ್ತೃ. ಸಂಬಳದ ನೌಕರ ಉದ್ಯೋಗದ ಭಾಗವಾಗಿ ಬರೆದದ್ದು, ವಿರುದ್ಧ ಕರಾರಿಲ್ಲದಿದ್ದರೆ, ಮಾಲೀಕನಿಗೆ ಸೇರುತ್ತದೆ. ಆದರೆ ಹೊರಗಿನ ಸ್ವತಂತ್ರ ವಿನ್ಯಾಸಕಾರ ಶುಲ್ಕ ಪಡೆದು ಬರೆದದ್ದು, ಲಿಖಿತ ವರ್ಗಾವಣೆ ಇಲ್ಲದೆ, ಶುಲ್ಕ ಪಾವತಿಸಿದ ಮಾತ್ರಕ್ಕೆ ಉದ್ಯಮಿಯದಾಗುವುದಿಲ್ಲ. 19ನೇ ಪ್ರಕರಣದಂತೆ ವರ್ಗಾವಣೆ ಪತ್ರ ಸಹಿಯೊಡನೆ ಲಿಖಿತವಾಗಿರಬೇಕು. ಅದರಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷ ಎಂದೂ ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾನೂನು ಭಾವಿಸುತ್ತದೆ. ರಫ್ತು ಮಾಡುವ ತಯಾರಕರು ಈ ಎರಡನ್ನೂ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು.

ಇದರ ಜೊತೆಗೆ ಲಿನಕ್ಸಿನ ಪರವಾನಗಿಯನ್ನೂ ಗಮನಿಸಬೇಕು. ಲಿನಕ್ಸಿನೊಡನೆ ಬರುವ ವಿವರ ಕಡತಗಳಲ್ಲಿ ಕೆಲವು ಜಿಪಿಎಲ್ ಎರಡನೆಯ ಆವೃತ್ತಿಯ ಪರವಾನಗಿಗೆ ಮಾತ್ರ ಒಳಪಟ್ಟಿವೆ. ಇನ್ನು ಹಲವಕ್ಕೆ ಅದರ ಜೊತೆ ಎಂಐಟಿ ಅಥವಾ ಬಿಎಸ್‌ಡಿ ಎಂಬ ಸಡಿಲ ಪರವಾನಗಿಯ ಆಯ್ಕೆಯೂ ಇದೆ. ಯಾವುದೆಂಬುದು ಕಡತದ ಮೊದಲ ಸಾಲುಗಳಲ್ಲಿಯೇ ಬರೆದಿರುತ್ತದೆ. ಜಿಪಿಎಲ್ ಅನ್ವಯಿಸುವ ತಂತ್ರಾಂಶವನ್ನು ಯಂತ್ರರೂಪದಲ್ಲಿ ಹಂಚುವವರು ಅದರ ಸೋರ್ಸನ್ನು ಜೊತೆಗೆ ಕೊಡಬೇಕು, ಇಲ್ಲವೇ ಕನಿಷ್ಠ ಮೂರು ವರ್ಷ ಊರ್ಜಿತವಾಗಿರುವ ಲಿಖಿತ ವಾಗ್ದಾನವನ್ನಾದರೂ ಕೊಡಬೇಕು. ಅಂದರೆ ವಿನ್ಯಾಸಕಾರರಿಂದ ಸೋರ್ಸ್ ಕೇಳುವ ಹಕ್ಕು ಉದ್ಯಮಿಗೆ ಇರುವಂತೆಯೇ, ತನ್ನ ಗ್ರಾಹಕರಿಗೆ ಅದನ್ನು ಒದಗಿಸುವ ಹೊಣೆಯೂ ಉದ್ಯಮಿಯ ಮೇಲಿದೆ. ತನ್ನ ಬಳಿಯೇ ಇಲ್ಲದ್ದನ್ನು ಇನ್ನೊಬ್ಬರಿಗೆ ಕೊಡುವುದು ಹೇಗೆ?

ಲೆಕ್ಕಪತ್ರದ ದೃಷ್ಟಿಯಿಂದಲೂ ಇದು ಗೌಣವಲ್ಲ. ಉತ್ಪನ್ನ ಅಭಿವೃದ್ಧಿಯ ವೆಚ್ಚವನ್ನು ಅಮೂರ್ತ ಆಸ್ತಿಯಾಗಿ ತೋರಿಸಬಯಸುವ ಕಂಪನಿಗಳಿಗೆ ಲೇಖಾ ಮಾನಕ 26 ಅನ್ವಯಿಸುತ್ತದೆ. ಸಂಶೋಧನಾ ಹಂತದ ವೆಚ್ಚವನ್ನು ಆ ವರ್ಷದ ಖರ್ಚಾಗಿಯೇ ಬರೆಯಬೇಕು; ಅಭಿವೃದ್ಧಿ ಹಂತದ ವೆಚ್ಚವನ್ನು ನಿಗದಿತ ಷರತ್ತುಗಳು ಪೂರೈಸಿದಾಗ ಮಾತ್ರ ಆಸ್ತಿಯಾಗಿ ತೋರಿಸಬಹುದು. ಆಸ್ತಿ ಎನಿಸಬೇಕಾದರೆ ಸಂಪನ್ಮೂಲ ಉದ್ಯಮದ ನಿಯಂತ್ರಣದಲ್ಲಿರಬೇಕು ಎಂಬುದು ಅದರ ಮೂಲ ವ್ಯಾಖ್ಯೆ. ಸೋರ್ಸ್ ಕಡತವೂ ಹಕ್ಕಿನ ವರ್ಗಾವಣೆ ಪತ್ರವೂ ಇಲ್ಲದ ವಿನ್ಯಾಸ ಉದ್ಯಮದ ನಿಯಂತ್ರಣದಲ್ಲಿದೆ ಎಂದು ಲೆಕ್ಕಪರಿಶೋಧಕರಿಗೆ ಮನವರಿಕೆ ಮಾಡಿಕೊಡುವುದು ಕಷ್ಟ. ಉದ್ಯಮವನ್ನು ಮಾರುವಾಗ ಅಥವಾ ಪಾಲುದಾರರನ್ನು ಸೇರಿಸಿಕೊಳ್ಳುವಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ.

ಖರೀದಿ ಆದೇಶದಲ್ಲಿ ಸೇರಿಸಬೇಕಾದ ಅಂಶಗಳು

ಬೋರ್ಡಿನ ವಿನ್ಯಾಸವನ್ನು ಹೊರಗೆ ಒಪ್ಪಿಸುವಾಗ ಈ ಕೆಳಗಿನ ಅಂಶಗಳನ್ನು ಆದೇಶದಲ್ಲಿಯೇ ಬರೆಯುವುದು ಕ್ಷೇಮಕರ.

1) ಬೋರ್ಡಿನ ಡಿವೈಸ್ ಟ್ರೀ ಸೋರ್ಸ್, ಅದು ಒಳಗೊಳ್ಳುವ ಎಲ್ಲ ಕಡತಗಳು, ಬಳಸಿದ ಕರ್ನಲ್ ಮತ್ತು ಬೂಟ್ ಲೋಡರಿನ ನಿಖರ ಆವೃತ್ತಿ ಹಾಗೂ ಸಿದ್ಧತಾ ಕಡತಗಳನ್ನು ನಕ್ಷೆಯೊಡನೆ ಒಪ್ಪಿಸಬೇಕು.

2) ಬೋರ್ಡಿನ ಪ್ರತಿ ಆವೃತ್ತಿಗೂ ಪ್ರತ್ಯೇಕ ಕಡತವಿರಬೇಕು. ಬೋರ್ಡಿನ ಮೇಲೆ ಮುದ್ರಿತವಾದ ಆವೃತ್ತಿ ಸಂಖ್ಯೆಯೂ ಕಡತದ ಸಂಖ್ಯೆಯೂ ಒಂದೇ ಆಗಿರಬೇಕು.

3) ಬಿಡಿಭಾಗದ ಬದಲಾವಣೆಗೆ ಒಪ್ಪಿಗೆ ನೀಡುವ ಚೀಟಿಯಲ್ಲಿ ‘ವಿವರ ಕಡತಕ್ಕೆ ತಿದ್ದುಪಡಿ ಬೇಕೇ’ ಎಂಬ ಒಂದು ಕಾಲಂ ಇರಬೇಕು. ಖರೀದಿ ವಿಭಾಗ ಪರ್ಯಾಯ ಚಿಪ್ ತರಿಸುವ ಮೊದಲು ಆ ಕಾಲಂ ಭರ್ತಿಯಾಗಬೇಕು.

4) ಒಪ್ಪಿಸಿದ ಸೋರ್ಸಿನಿಂದಲೇ ಉದ್ಯಮಿಯ ಸಿಬ್ಬಂದಿಯ ಎದುರು ಬ್ಲಾಬ್ ತಯಾರಿಸಿ, ಬೋರ್ಡಿಗೆ ತುಂಬಿ, ಪ್ರತಿ ಸಾಧನವೂ ನಡೆಯುವುದನ್ನು ತೋರಿಸಬೇಕು. ಕೊನೆಯ ಕಂತಿನ ಹಣವನ್ನು ಇದಕ್ಕೆ ಗಂಟು ಹಾಕಬೇಕು.

5) ವಿನ್ಯಾಸಕಾರರು ಸ್ವತಂತ್ರವಾಗಿ ಬರೆದ ಭಾಗದ ಕೃತಿಸ್ವಾಮ್ಯ ವರ್ಗಾವಣೆಯನ್ನು, ಅವಧಿ ಮತ್ತು ಪ್ರದೇಶ ಸಹಿತ, ಲಿಖಿತವಾಗಿ ಪಡೆಯಬೇಕು. ಪ್ರತಿ ಕಡತದ ಪರವಾನಗಿಯ ಪಟ್ಟಿಯನ್ನೂ ಕೇಳಬೇಕು.

6) ಸಾಧ್ಯವಾದೆಡೆಯಲ್ಲೆಲ್ಲ ಮುಖ್ಯ ಲಿನಕ್ಸಿನಲ್ಲಿ ಅಂಗೀಕೃತವಾದ ನಮೂದುಗಳನ್ನೇ ಬಳಸಬೇಕು.

ಹೊಸ ಆದೇಶ ಕೊಡುವಾಗ ಇವುಗಳಿಗೆ ತಗಲುವ ಹೆಚ್ಚಿನ ವೆಚ್ಚ ಅಲ್ಪ, ಏಕೆಂದರೆ ವಿನ್ಯಾಸಕಾರರು ಈ ಕಡತವನ್ನು ಹೇಗೂ ಬರೆದೇ ಇರುತ್ತಾರೆ. ಈಗಾಗಲೇ ಮಾರುಕಟ್ಟೆಯಲ್ಲಿರುವ ಉತ್ಪನ್ನಗಳ ಮಟ್ಟಿಗೆ, ವಿನ್ಯಾಸಕಾರರೊಡನೆ ಸಂಬಂಧ ಚೆನ್ನಾಗಿರುವಾಗಲೇ ಒಂದು ಪತ್ರ ಬರೆದು ಸೋರ್ಸನ್ನು ತರಿಸಿಕೊಳ್ಳುವುದು ವಿವೇಕ. ವರ್ಷಾಂತ್ಯದಲ್ಲಿ ದಾಸ್ತಾನು ತಪಾಸಣೆ ನಡೆಸುವ ದಿನ, ಗೋದಾಮಿನಲ್ಲಿರುವ ಬೋರ್ಡುಗಳ ಆವೃತ್ತಿ ಸಂಖ್ಯೆಗಳನ್ನು ಕಪಾಟಿನಲ್ಲಿರುವ ವಿವರ ಕಡತಗಳ ಸಂಖ್ಯೆಗಳೊಡನೆ ಒಮ್ಮೆ ತಾಳೆ ನೋಡಿದರೆ, ಯಾವ ಬೋರ್ಡಿಗೆ ವಹಿ ಇಲ್ಲ ಎಂಬುದು ಅಂದೇ ತಿಳಿದುಹೋಗುತ್ತದೆ.